ಶಾಸ್ತ್ರದಾನವೂ ಕಬ್ಬಿನ ಹೊಲದ ಮಕ್ಕಳೂ

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನವು ನಾಲ್ಕು ಬಗೆಯೆಂಬುದನ್ನು ಬಸದಿಯ ಪಾಠಶಾಲೆಗೆ ನಾಲ್ಕು ದಿನ ಹೋಗಿಬಂದ ಮಗುವೂ ಹೇಳಬಲ್ಲುದು. ಇವುಗಳಲ್ಲಿ ಮೊದಲಿನ ಮೂರಕ್ಕೆ ಜೈನ ಸಮಾಜದಲ್ಲಿ ಎಂದೂ ಕೊರತೆಯಾಗಿಲ್ಲ. ಅನ್ನಛತ್ರಗಳಿವೆ, ಔಷಧಾಲಯಗಳಿವೆ, ಮೂಕಪ್ರಾಣಿಗಳಿಗೆ ಅಭಯ ನೀಡುವ ಪಾಂಜರಪೋಳಗಳಿವೆ. ನಾಲ್ಕನೆಯದಾದ ಶಾಸ್ತ್ರದಾನವಾದರೋ ಬಹುಮಟ್ಟಿಗೆ ಗ್ರಂಥ ಮುದ್ರಿಸಿ ಹಂಚುವುದಕ್ಕೆ ಸೀಮಿತವಾಗಿದೆ. ಮುಖಪುಟದ ಹಿಂಬದಿಯಲ್ಲಿ ದಾನಿಗಳ ಭಾವಚಿತ್ರವಿರುತ್ತದೆ, ಪುಸ್ತಕ ಪೆಟ್ಟಿಗೆಯಲ್ಲಿರುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಹಂಚದೆ ಇದ್ದಿದ್ದರೆ ಆ ಕಾವ್ಯ ಇಂದಿಗೆ ಉಳಿಯುತ್ತಿತ್ತೋ ಇಲ್ಲವೋ. ಆದರೆ ಓಲೆಯನ್ನು ಓದಬಲ್ಲವರು ಇದ್ದರೆಂದೇ ಆಕೆ ಬರೆಸಿ ಹಂಚಿದಳು. ಓದಲು ಕಲಿಸುವ ಕೆಲಸ ಅದಕ್ಕಿಂತ ಮೊದಲು ಯಾರೋ ಮಾಡಿದ್ದರು. ಅವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಆದಿನಾಥನು ತನ್ನ ಹೆಣ್ಣುಮಕ್ಕಳಾದ ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕೆಗಳನ್ನೂ ಕಲಿಸಿದನೆಂದು ಪುರಾಣ ಹೇಳುತ್ತದೆ. ಪಂಪನು 941ರಲ್ಲಿ ಮುಗಿಸಿದ ಆದಿಪುರಾಣದಿಂದ ಕನ್ನಡಿಗರಿಗೆ ಇದು ಚಿರಪರಿಚಿತ. ಪ್ರಥಮ ತೀರ್ಥಂಕರನು ಕೇವಲಜ್ಞಾನಕ್ಕೆ ಮೊದಲು, ಗೃಹಸ್ಥನಾಗಿ, ತಂದೆಯಾಗಿ ಮಾಡಿದ ಕೆಲಸವಿದು. ಹೆಣ್ಣುಮಗುವಿಗೆ ಅಕ್ಷರ ಮತ್ತು ಲೆಕ್ಕ ಕಲಿಸುವುದು ಗೃಹಸ್ಥಧರ್ಮದೊಳಗಿನ ಮಾತೇ ಹೊರತು ಹೊರಗಿನದಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಿಲ್ಲ.

ಈ ಪೀಠಿಕೆಗೆ ಕಾರಣನಾದವನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಒಬ್ಬ ತರುಣ. ಬಿ.ಕಾಂ. ದ್ವಿತೀಯ ವರ್ಷದ ವಿದ್ಯಾರ್ಥಿ. ತಂದೆಯದು ಕಿರಾಣಿ ಅಂಗಡಿ. ಕಾಕಾನದು ಕೃಷ್ಣಾ ನದಿಯ ದಂಡೆಯಲ್ಲಿ ಕಬ್ಬಿನ ಒಕ್ಕಲುತನ. ಆ ಸೀಮೆಯ ಜೈನ ಮನೆತನಗಳಲ್ಲಿ ಇದು ತೀರ ಸಾಮಾನ್ಯವಾದ ಹಂಚಿಕೆ. ಕಾಲೇಜಿನಲ್ಲಿ ಅವನು ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ, ಅಂದಿನ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅವರ ಕಾಲದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಯೋಜನೆಯಿದು. ವರ್ಷಕ್ಕೆ 120 ತಾಸು, ಎರಡು ವರ್ಷಕ್ಕೆ 240 ತಾಸು ಸೇವೆ, ಒಂದು ಸಲ ಏಳು ದಿನಗಳ ಶಿಬಿರ; ಇಷ್ಟಾದರೆ ಪ್ರಮಾಣಪತ್ರ ಸಿಗುತ್ತದೆ. ಶಿಬಿರದಲ್ಲಿ ಸಾಮಾನ್ಯವಾಗಿ ರಸ್ತೆ ಗುಡಿಸುತ್ತಾರೆ, ಗಿಡ ನೆಡುತ್ತಾರೆ, ಸಂಜೆ ಕಿರುನಾಟಕ ಆಡುತ್ತಾರೆ. ನೆಟ್ಟ ಗಿಡಗಳಲ್ಲಿ ಎಷ್ಟು ಉಳಿದವೆಂಬ ಲೆಕ್ಕವನ್ನು ಮರುವರ್ಷ ಯಾರೂ ಕೇಳುವುದಿಲ್ಲ.

2022ರ ನವೆಂಬರಿನಲ್ಲಿ ಅವನ ಶಿಬಿರವು ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ನಡೆಯಿತು. ಬೀಡು ಬಿಟ್ಟದ್ದು ಸರಕಾರಿ ಕನ್ನಡ ಪ್ರಾಥಮಿಕ ಶಾಲೆಯಲ್ಲಿ. ಕಾಕಾನ ಹೊಲಗಳು ಆ ಊರಿನ ಸರಹದ್ದಿನಲ್ಲಿಯೇ ಇದ್ದವು. ಶಿಬಿರ ಮುಗಿದ ಮೇಲೆ ಶಾಲೆಯ ಮುಖ್ಯ ಶಿಕ್ಷಕಿ, ಮಕ್ಕಳ ಬಾಯಲ್ಲಿ ಅಕ್ಕೋರು, ಅವನನ್ನು ಕರೆದು, "ತಮ್ಮಾ, ಗೋಡೆಗೆ ಸುಣ್ಣ ಹೊಡೆದು ಹೋದವರು ಬಾಳ ಮಂದಿ. ವಾರಕ್ಕ ಮೂರು ದಿನ ಮುಂಜಾನೆ ಬಂದು ಹುಡುಗರಿಗೆ ಲೆಕ್ಕ ಹೇಳಿಕೊಡ್ತೀಯೇನು? ಬರ್ತೀನಿ ಅಂದ್ರ ಬರಬೇಕು. ನಡುವ ಬಿಡೂದಾದ್ರ ಬ್ಯಾಡ" ಎಂದರು. ಅವನು ಒಪ್ಪಿದ. ಆ ಶಾಲೆಯಲ್ಲಿ ಐದು ತರಗತಿಗೆ ಇಬ್ಬರೇ ಶಿಕ್ಷಕರು. ಅವರಲ್ಲೊಬ್ಬರು ತರಬೇತಿ, ಗಣತಿ, ಮತದಾರರ ಯಾದಿ ಎಂದು ಆಗಾಗ ಹೊರಗೆ ಹೋಗಬೇಕಾದವರು.

ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನಲಿಕಲಿ ಪದ್ಧತಿಯಲ್ಲಿ ಕಲಿಯುತ್ತಿದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಈ ಪದ್ಧತಿಯಲ್ಲಿ ಎಲ್ಲರಿಗೂ ಏಕಕಾಲಕ್ಕೆ ಒಂದೇ ಪಾಠ ಎಂಬುದಿಲ್ಲ. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ. ಪ್ರತಿಯೊಂದು ಮಗು ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ತೆಗೆದುಕೊಂಡು ಕೂರುತ್ತದೆ. ಕೆಲವರು ಶಿಕ್ಷಕರ ಬಳಿ, ಕೆಲವರು ಗೆಳೆಯರ ಸಹಾಯದಿಂದ, ಕೆಲವರು ತಮ್ಮಷ್ಟಕ್ಕೆ ತಾವೇ. ಎರಡು ದಿನ ಶಾಲೆ ತಪ್ಪಿಸಿದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಏರತೊಡಗುತ್ತದೆ. ವಾಣಿಜ್ಯದ ವಿದ್ಯಾರ್ಥಿಗೆ ಇದು ಬೇಗನೆ ಅರ್ಥವಾಯಿತು. ಪ್ರತಿ ಮಗುವಿಗೂ ಒಂದು ಖಾತೆ. ಹಿಂದಿನ ಪುಟದ ಶಿಲ್ಕು ಮುಂದಿನ ಪುಟಕ್ಕೆ.

ನವೆಂಬರ್ ಕಳೆಯುವ ಹೊತ್ತಿಗೆ ಆ ಸೀಮೆಯಲ್ಲೆಲ್ಲ ಕಬ್ಬಿನ ಕಟಾವು ಭರದಿಂದ ಸಾಗಿರುತ್ತದೆ. ಕಾರ್ಖಾನೆಗಳು ಹೊಗೆಯುಗುಳುತ್ತವೆ, ಬೀಡ ಜಿಲ್ಲೆಯಿಂದಲೂ ಮರಾಠವಾಡದ ಇತರ ಭಾಗಗಳಿಂದಲೂ ವಿಜಯಪುರದ ಕಡೆಯಿಂದಲೂ ಕಡಿಯುವವರ ಗ್ಯಾಂಗುಗಳು ಬಂದಿಳಿಯುತ್ತವೆ. ಗಂಡ ಹೆಂಡತಿಯ ಜೋಡಿಗೆ ಒಂದು ಕೋಯ್ತಾ ಎಂದು ಲೆಕ್ಕ. ಹಂಗಾಮಿಗೆ ಮೊದಲೇ ಮುಕ್ಕದ್ದಮನು ಅವರಿಗೆ ಮುಂಗಡ ಹಣ ಕೊಟ್ಟಿರುತ್ತಾನೆ. ಅದಕ್ಕೆ ಮರಾಠಿಯಲ್ಲಿ ಉಚಲ್ ಎನ್ನುತ್ತಾರೆ. ಕಡಿದ ಟನ್ನಿನ ಮೇಲೆ ಬರುವ ಕೂಲಿ ಆ ಮುಂಗಡಕ್ಕೆ ವಜಾ ಆಗುತ್ತ ಹೋಗುತ್ತದೆ. ಹಂಗಾಮು ಮುಗಿದಾಗ ವಜಾ ಆಗದೆ ಉಳಿದದ್ದು ಮುಂದಿನ ವರ್ಷದ ಬಾಕಿ. ಹೀಗಾಗಿ ಜ್ವರ ಬಂದ ಹೆಣ್ಣುಮಗಳೂ, ಹೆರಿಗೆಯಾಗಿ ತಿಂಗಳಾಗದವಳೂ ನಸುಕಿನಲ್ಲಿ ಎದ್ದು ಹೊಲಕ್ಕೆ ನಡೆಯುತ್ತಾರೆ.

ಶಾಲೆಗೆ ಹೋಗುವ ದಾರಿಯಲ್ಲಿ ಆ ತರುಣನಿಗೆ ದಿನವೂ ಇವರ ಗುಡಿಸಲುಗಳು ಕಾಣುತ್ತಿದ್ದವು. ಚಿಕ್ಕಂದಿನಿಂದ ಕಂಡದ್ದೇ. ಕಾಣುವುದೇ ಬೇರೆ, ಲಕ್ಷ್ಯ ಕೊಡುವುದೇ ಬೇರೆ. ಕಾಕಾನ ಕಬ್ಬು ಕಡಿಯಲು ಸರದಿ ಬಂದ ದಿನ ಅವನು ಮೋಟಾರುಸೈಕಲ್ಲನ್ನು ಬದುವಿನ ಬಳಿ ನಿಲ್ಲಿಸಿದ. ಸೋಗೆಯ ರಾಶಿಯ ನೆರಳಿನಲ್ಲಿ ಒಂಬತ್ತು ಹತ್ತು ವರ್ಷದ ಹುಡುಗಿಯೊಬ್ಬಳು ವರ್ಷ ತುಂಬದ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಪಕ್ಕದಲ್ಲಿ ಇನ್ನೂ ಮೂವರು ಮಕ್ಕಳು. ಶಾಲೆಯ ಗಂಟೆ ಅಲ್ಲಿಗೆ ಕೇಳಿಸುತ್ತಿತ್ತು. ಹಿಂದಿನ ಸಂಜೆಯಷ್ಟೇ ಅಕ್ಕೋರ ಜೊತೆ ಕುಳಿತು ಹಾಜರಿ ಪುಸ್ತಕವನ್ನು ಕೂಡಿಸಿದ್ದವನು ಅವನು. ಆ ಪುಸ್ತಕದಲ್ಲಿ ಈ ನಾಲ್ವರು ಇರಲಿಲ್ಲ.

ಮನೆಗೆ ಬಂದು ಕಾಕಾನನ್ನು ಕೇಳಿದ. ಕಾಕಾ ಕೆಟ್ಟ ಮನುಷ್ಯನಲ್ಲ. ರಾತ್ರಿಭೋಜನ ಮಾಡದವರು, ಪರ್ವದ ದಿನ ಉಪವಾಸ ತಪ್ಪಿಸದವರು. "ಅವರು ನಮ್ಮ ಆಳಲ್ಲಪಾ. ಕಾರ್ಖಾನೆಯವರು ಕಳಸ್ತಾರ, ಮುಕ್ಕದ್ದಮ ಕರಕೊಂಡು ಬರ್ತಾನ. ನಾವs ಕೈಕಾಲು ಹಿಡಿದು, ಮ್ಯಾಲ ರೊಕ್ಕ ಕೊಟ್ಟು ಸರದಿ ತಗೊಂಡೀವಿ. ಅವರ ಮಕ್ಕಳಿಗೆ ಸಾಲಿ ಹಚ್ಚಲಿಕ್ಕೆ ನಾವು ಯಾರು?" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಬ್ಬು ಬೆಳೆದವನೂ ಆ ವ್ಯವಸ್ಥೆಯಲ್ಲಿ ಸ್ವತಂತ್ರನಲ್ಲ. ಕಟಾವು ಎಂಟು ದಿನ ತಡವಾದರೆ ತೂಕ ಇಳಿಯುತ್ತದೆ, ಇಳಿದ ತೂಕ ಅವನ ಖಾತೆಗೇ ನಷ್ಟ. ಆದರೂ ಆ ಮಾತಿನೊಂದಿಗೆ ವಿಚಾರ ಮುಗಿಯುವುದಿಲ್ಲ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಎಣಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಶಕ್ತಿ ಮೀರಿದ ಭಾರ ಹೊರಿಸುವುದು, ಅನ್ನಪಾನವನ್ನು ತಡೆಯುವುದು. ಸಮಂತಭದ್ರಾಚಾರ್ಯರೂ ರತ್ನಕರಂಡಕದಲ್ಲಿ ಇವನ್ನೇ ಹೇಳುತ್ತಾರೆ. ಪ್ರವಚನಗಳಲ್ಲಿ ಇದನ್ನು ವಿವರಿಸುವಾಗ ಎತ್ತು, ಕುದುರೆಗಳ ಉದಾಹರಣೆ ಕೊಡುವ ರೂಢಿ. ಗಾಡಿಗೆ ಹೇರು ಹೆಚ್ಚಾದಾಗ ಎತ್ತು ಮೊಳಕಾಲೂರುವುದನ್ನು ಕಂಡು ಮರುಗುವ ಶ್ರಾವಕನು, ಒಂಬತ್ತು ವರ್ಷದ ಸೊಂಟದ ಮೇಲೆ ಎಂಟು ತಾಸು ಕುಳಿತ ಕೂಸನ್ನು ಅತಿಭಾರಾರೋಪಣವೆಂದು ಎಣಿಸುವುದಿಲ್ಲ. ಅದು ಅಕ್ಕ ತಮ್ಮನನ್ನು ಎತ್ತಿಕೊಂಡ ಪ್ರೀತಿಯಂತೆ ಕಾಣುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವಿಗೆ ಶಾಲೆಯ ಮಧ್ಯಾಹ್ನದ ಊಟವೂ ಇಲ್ಲ. ಹೊರಿಸಿದವರು ಯಾರು, ತಡೆದವರು ಯಾರು ಎಂದು ಕೇಳಿದರೆ ಕೈ ತೋರಿಸಲು ಒಬ್ಬನೂ ಸಿಗುವುದಿಲ್ಲ. ಕಾರ್ಖಾನೆ ಮುಕ್ಕದ್ದಮನನ್ನು ತೋರಿಸುತ್ತದೆ, ಮುಕ್ಕದ್ದಮ ತಂದೆತಾಯಿಯರನ್ನು ತೋರಿಸುತ್ತಾನೆ, ಅವರು ಹಣೆಯನ್ನು ತೋರಿಸುತ್ತಾರೆ. ಇಂಥ ಸಂದರ್ಭಕ್ಕೆಂದೇ ಪೂರ್ವಾಚಾರ್ಯರು ಕೃತ, ಕಾರಿತ, ಅನುಮೋದಿತ ಎಂದು ಮೂರನ್ನು ಬೇರೆ ಮಾಡಿ ಇಟ್ಟಿದ್ದಾರೆ. ತಾನು ಮಾಡಿಲ್ಲ, ಮಾಡಿಸಿಲ್ಲ ಎಂಬಲ್ಲಿಗೆ ಶ್ರಾವಕನ ಲೆಕ್ಕ ಮುಗಿಯುವುದಿಲ್ಲ. ಕಂಡೂ ಸುಮ್ಮನಿದ್ದು ಅದರ ಲಾಭವನ್ನು ಜಮಾ ಹಿಡಿದುಕೊಂಡದ್ದಕ್ಕೂ ಒಂದು ಅಂಕಣವಿದೆ.

ತರುಣನು ಕಾಕಾನೊಡನೆ ವಾದಕ್ಕಿಳಿಯಲಿಲ್ಲ. ಮರುದಿನ ಅಕ್ಕೋರನ್ನು ಕರೆದುಕೊಂಡು ಗುಡಿಸಲುಗಳಿಗೆ ಹೋದ. ಅಕ್ಕೋರಿಗೆ ಮರಾಠಿ ಅಷ್ಟಾಗಿ ಬಾರದು. ಅವನಿಗೆ ಗಡಿನಾಡಿನ ಮಕ್ಕಳಂತೆ ಎರಡೂ ಬರುತ್ತಿದ್ದವು. ದಾಖಲೆ ಇಲ್ಲ, ಹಳೆಯ ಶಾಲೆಯ ಕಾಗದವಿಲ್ಲ, ನಾಲ್ಕು ತಿಂಗಳಿಗೆ ಯಾರು ಸೇರಿಸಿಕೊಳ್ಳುತ್ತಾರೆ ಎಂದು ತಾಯಿ ಕೇಳಿದಳು. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣ ಹಕ್ಕು ಎಂದು ಸಾರಿದ 2009ರ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಕೂಡದು ಎಂದು ಅದರಲ್ಲಿದೆ. ಅಕ್ಕೋರು ಇದನ್ನು ಬಲ್ಲವರಾಗಿದ್ದರು. ಬೇರೆ ಮೂವರು ಮಕ್ಕಳು ಅಂದೇ ಬಂದರು. ಹುಡುಗಿ ಮಾತ್ರ ಬರಲಾರಳು. ಕೂಸನ್ನು ಯಾರು ನೋಡಬೇಕು? ಅಂಗನವಾಡಿಯ ಪಾಠ ಮೂರು ವರ್ಷ ತುಂಬಿದವರಿಗೆ. ಕೂಸು ಇನ್ನೂ ಅಂಬೆಗಾಲಿಡುತ್ತಿತ್ತು.

"ಹಂಗಾದ್ರ ಕೂಸಿನ ಹೆಸರೂ ಹಚ್ಚೂಣು" ಎಂದರು ಅಕ್ಕೋರು. ಹೆಸರು ಹಚ್ಚಲಿಲ್ಲ, ಆದರೆ ಶಾಲೆಯ ಪಡಸಾಲೆಯ ತೊಲೆಗೆ ಒಂದು ಹಳೆಯ ಸೀರೆಯ ಜೋಳಿಗೆ ಕಟ್ಟಿದರು. ಅಡುಗೆಯ ಹೆಣ್ಣುಮಕ್ಕಳು ಹೋಗುತ್ತ ಬರುತ್ತ ತೂಗಿದರು. ಶಾಲಾ ತಪಾಸಣೆಯ ಯಾವ ಫಾರಮಿನಲ್ಲಿಯೂ ಇದಕ್ಕೆ ಜಾಗವಿಲ್ಲ.

ಬಂದ ಹುಡುಗಿಗೆ ಏನನ್ನು ಕಲಿಸಬೇಕು ಎಂಬುದು ಮುಂದಿನ ಪ್ರಶ್ನೆ. ಶಾಲೆ ಕನ್ನಡದ್ದು; ಅವಳ ಮಾತು ಮರಾಠಿ. ಹೋಗುವಾಗ ನಾಲ್ಕು ಕನ್ನಡ ಅಕ್ಷರ ಕಲಿತು ಹೋದರೆ ಆಕೆಯ ಊರಿನಲ್ಲಿ ಅದನ್ನು ಓದುವವರಿಲ್ಲ. ದಾನದ ಹಿರಿಮೆ ಕೊಡುವ ವಿಧಿ, ಕೊಡುವ ವಸ್ತು, ಕೊಡುವವನು, ಪಡೆಯುವವನು ಈ ನಾಲ್ಕರಿಂದಲೂ ನಿರ್ಣಯವಾಗುತ್ತದೆಂದು ಉಮಾಸ್ವಾಮಿಗಳು ಹೇಳಿದ್ದಾರೆ. ಪಾತ್ರವೆಂದಾಗ ವ್ಯಾಖ್ಯಾನಕಾರರ ದೃಷ್ಟಿ ಮುನಿಗಳ ಕಡೆಗೆ ಇರುವುದು ಸರಿಯೇ. ಆದರೂ ಕಲಿಸುವವನಿಗೆ ಈ ಮಾತು ನಿತ್ಯದ ಉಪಯೋಗಕ್ಕೆ ಬರುತ್ತದೆ. ತನ್ನ ಬಳಿ ಇರುವುದನ್ನು ಕೊಡುವುದು ಸುಲಭ, ಪಡೆಯುವವನಿಗೆ ಬೇಕಾದುದನ್ನು ಹುಡುಕಿ ತಂದು ಕೊಡುವುದು ಕಷ್ಟ. ತರುಣನು ಪಕ್ಕದ ಊರಿನ ಮರಾಠಿ ಶಾಲೆಯಿಂದ ಒಂದನೆಯ ಇಯತ್ತೆಯ ಹಳೆಯ ಪುಸ್ತಕವನ್ನು ಕೇಳಿ ತಂದ. ಬೆಳಿಗ್ಗೆ ಅರ್ಧ ತಾಸು ಮರಾಠಿ ಅಕ್ಷರ; ಅನಂತರ ಎಲ್ಲರ ಜೊತೆ ಲೆಕ್ಕ. ಕನ್ನಡವನ್ನು ಅವಳು ಆಟದ ಬಯಲಿನಲ್ಲಿ ತಾನಾಗಿಯೇ ಎತ್ತಿಕೊಂಡಳು, ಬೈಗುಳ ಮೊದಲುಗೊಂಡು.

ಲೆಕ್ಕದಲ್ಲಿ ಒಂದು ಸೋಜಿಗವಿತ್ತು. ಸಂತೆಯಲ್ಲಿ ಐವತ್ತೆರಡು ರೂಪಾಯಿಯಲ್ಲಿ ಇಪ್ಪತ್ತೇಳು ರೂಪಾಯಿ ಖರ್ಚಾದರೆ ಉಳಿದದ್ದೆಷ್ಟೆಂದು ಆ ಮಕ್ಕಳು ಥಟ್ಟನೆ ಹೇಳುತ್ತಿದ್ದರು. ಅದನ್ನೇ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದರೆ ತಬ್ಬಿಬ್ಬಾಗುತ್ತಿದ್ದರು. ಎರಡರಲ್ಲಿ ಏಳು ಹೋಗದೆಂದು ಏಳರಲ್ಲಿ ಎರಡನ್ನು ಕಳೆದು ಐದು ಎಂದು ಬರೆದು, ಮೂವತ್ತೈದು ಎಂದು ಕೂರುತ್ತಿದ್ದರು. ತರುಣನು ತಾನು ಕಲಿತ ರೀತಿಯಲ್ಲಿಯೇ ಹೇಳಿಕೊಟ್ಟ. ಬಿಡಿಯ ಮನೆಯಲ್ಲಿ ಸಾಲದಿದ್ದರೆ ಪಕ್ಕದ ಹತ್ತರ ಮನೆಯಿಂದ ಕಡ ತರಬೇಕು. ಮರಾಠಿಯಲ್ಲಿ ಉಸನೆ ಎಂದೂ ಹೇಳಿದ. ಹುಡುಗಿ ಹಲಗೆಯನ್ನು ಬಹಳ ಹೊತ್ತು ನೋಡಿದಳು. "ಪಕ್ಕದ ಮನೆಯಿಂದ ಹತ್ತು ತಂದೆವಲ್ಲ, ಅದನ್ನು ತಿರುಗಿ ಕೊಡುವುದು ಯಾವಾಗ?" ಎಂದು ಕೇಳಿದಳು. ಉಳಿದ ಮಕ್ಕಳು ನಕ್ಕರು. ಅವಳು ನಗಲಿಲ್ಲ. "ಮುಂದಿನ ವರ್ಷವೇ?" ಎಂದು ಇನ್ನೊಮ್ಮೆ ಕೇಳಿದಳು.

ಉಚಲಿನ ಮನೆಯಲ್ಲಿ ಹುಟ್ಟಿದ ಮಗುವಿನ ಪ್ರಶ್ನೆಯಿದು. ಕಡ ಎಂದರೇನೆಂಬುದು ಅವಳಿಗೆ ಕಲಿಸಿದವನಿಗಿಂತ ಚೆನ್ನಾಗಿ ಗೊತ್ತಿತ್ತು. ತಂದ ಕಡವನ್ನು ಕೊಡದೆ ಲೆಕ್ಕ ಮುಗಿಯಿತೆಂದು ಗೆರೆ ಎಳೆಯುವುದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಶಾಲೆಗಳಲ್ಲಿ ಎಷ್ಟೋ ವರ್ಷಗಳಿಂದ ಈ ಮಾತು ನಡೆದು ಬಂದಿದೆ. ಲಕ್ಷಾಂತರ ಮಕ್ಕಳು ಕಡ ತಂದು ಮರಳಿ ಕೊಡದೆ ಉತ್ತೀರ್ಣರಾಗಿದ್ದಾರೆ. ವಾಸ್ತವದಲ್ಲಿ ಅದು ಕಡವೇ ಅಲ್ಲ. ಐದು ಹತ್ತರ ನೋಟುಗಳಲ್ಲಿ ಒಂದನ್ನು ಒಡೆಯಿಸಿ ಹತ್ತು ಬಿಡಿ ರೂಪಾಯಿ ಮಾಡಿಕೊಂಡದ್ದು. ಹಣ ತನ್ನದೇ, ಮನೆಯೂ ತನ್ನದೇ. ಚಿಲ್ಲರೆಗೂ ಸಾಲಕ್ಕೂ ಇರುವ ಅಂತರ ಗಲ್ಲೆಯ ಮೇಲೆ ಕುಳಿತವನಿಗೆ ಯಾರೂ ವಿವರಿಸಬೇಕಾಗಿಲ್ಲ; ಆದರೆ ಗಲ್ಲೆಯ ಮಗನೂ ಹಲಗೆಯ ಮುಂದೆ ನಿಂತಾಗ ಪುಸ್ತಕದ ಮಾತನ್ನೇ ಆಡಿಬಿಟ್ಟಿದ್ದ. ಅಂದು ರಾತ್ರಿ ಅಂಗಡಿಯ ರೋಕಡ ತಾಳೆ ನೋಡುವಾಗ ಅವನಿಗೆ ಇದು ಹೊಳೆಯಿತು. ಮರುಪಾಠದ ದಿನ ಹತ್ತರ ಐದು ನೋಟು, ಒಂದರ ಹನ್ನೆರಡು ನಾಣ್ಯ ತಂದ. ಎರಡು ನಾಣ್ಯದಿಂದ ಏಳು ಕೊಡಲಾಗದು. ಒಂದು ನೋಟನ್ನು ಡಬ್ಬಿಗೆ ಹಾಕಿ ಹತ್ತು ನಾಣ್ಯ ತೆಗೆದುಕೊಂಡರೆ ಈಗ ನೋಟು ನಾಲ್ಕು, ನಾಣ್ಯ ಹನ್ನೆರಡು; ಒಟ್ಟು ಅಷ್ಟೇ ಐವತ್ತೆರಡು. ಹುಡುಗಿ ತಾನೇ ಎಣಿಸಿ ನೋಡಿ, ಯಾರಿಗೂ ಏನೂ ಕೊಡಬೇಕಾಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಇಪ್ಪತ್ತೇಳನ್ನು ಕಳೆದಳು. ಅಂದಿನಿಂದ ಆ ಕೋಣೆಯಲ್ಲಿ ಕಡ ತರುವ ಮಾತು ನಿಂತುಹೋಯಿತು. "ಚಿಲ್ಲರೆ ಮಾಡಿಸು" ಎನ್ನತೊಡಗಿದರು.

ಪ್ರಾಸಂಗಿಕವಾಗಿ ಇನ್ನೊಂದು ವಿಷಯವನ್ನು ಹೇಳಬೇಕು. ಜೈನ ವಾಚಕರ ಮನಸ್ಸಿನಲ್ಲಿ ಅದು ಏಳದೆ ಇರದು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಭಾಗದಲ್ಲಿ ಆರಂಭವಾಗಿ, ಮರುವರ್ಷ ಎಲ್ಲ ಜಿಲ್ಲೆಗಳಿಗೂ ಹಬ್ಬಿದ ಕ್ರಮದಂತೆ ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವ ದಿನಗಳಿದ್ದವು. ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. ಊಟ ಬಡಿಸುವುದರಲ್ಲಿ ಎಂದೂ ಹಿಂದೆ ಬೀಳದ ತರುಣನು ಮೊದಲ ಸಲ ಆ ದಿನ ಬಂದಾಗ ಅಕ್ಕೋರಿಗೆ ತನ್ನ ವ್ರತವನ್ನು ಹೇಳಿದ. ಅವರು, "ನೀ ಬಾಳೆಹಣ್ಣಿನ ಬುಟ್ಟಿ ತಗೋ" ಎಂದರು. ಅವನು ಅದನ್ನು ಹಂಚಿದ. ತಿನ್ನುವ ಮಕ್ಕಳಿಗೆ ಉಪದೇಶ ಮಾಡಲಿಲ್ಲ, ಮುಖ ತಿರುಗಿಸಲಿಲ್ಲ. ಇದನ್ನು ಕೇಳಿದ ಕೆಲವು ಹಿರಿಯರು, ಅಂಥ ಶಾಲೆಗೆ ಹೋಗುವುದೇ ಅನುಮೋದನೆಯಲ್ಲವೇ ಎಂದು ಆಕ್ಷೇಪಿಸಿದರು. ಅನುಮೋದನೆಯ ದೋಷವನ್ನು ಅಷ್ಟು ಸೂಕ್ಷ್ಮವಾಗಿ ಹಿಡಿಯಬಲ್ಲವರು ಕಬ್ಬಿನ ಹೊಲದ ವಿಷಯದಲ್ಲಿಯೂ ಅದೇ ಸೂಕ್ಷ್ಮತೆಯನ್ನು ತೋರಿಸಿದ್ದರೆ ಅವರ ಮಾತಿಗೆ ತೂಕ ಹೆಚ್ಚುತ್ತಿತ್ತು. ತನ್ನ ವ್ರತವನ್ನು ತಾನು ಉಳಿಸಿಕೊಂಡು, ಹಸಿದ ಮಗುವಿನ ತಟ್ಟೆಯ ಮುಂದೆ ಸುಮ್ಮನಿರುವುದು ಅನೇಕಾಂತಕ್ಕೆ ವಿರುದ್ಧವಾದುದೇನೂ ಅಲ್ಲ.

ಈ ಸೀಮೆಯ ಜೈನರಿಗೆ ಇಂಥ ಕೆಲಸ ಹೊಸದೂ ಅಲ್ಲ. ಕೃಷ್ಣೆಯ ಮೇಲ್ಭಾಗದಲ್ಲಿ, ಬಾಹುಬಲಿ ಬೆಟ್ಟಕ್ಕೆ ಸಮೀಪದ ಕುಂಭೋಜದಲ್ಲಿ, 1887ರಲ್ಲಿ ದಿಗಂಬರ ಜೈನ ಮನೆತನದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು 1919ರಲ್ಲಿ ಕರಾಡದ ಬಳಿಯ ಕಾಲೆ ಗ್ರಾಮದಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರಾದಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ತಮ್ಮ ಅಡುಗೆ, ತಮ್ಮ ದುಡಿಮೆ ತಾವೇ ಮಾಡಿ ಕಲಿಯುತ್ತಿದ್ದರು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಭೇಟಿ ಕೊಟ್ಟರು. ಮಕ್ಕಳ ಊಟಕ್ಕೆ ಹಣ ಸಾಲದಾದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನು ಒಂದೊಂದಾಗಿ ಕೊಟ್ಟು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. 1930ರಲ್ಲಿ ಅವರು ತೀರಿಕೊಂಡರು. ಕರ್ಮವೀರರೆಂದು ಜನ ಕರೆದದ್ದು ಪತಿಯನ್ನು. ಮಂಗಳಸೂತ್ರ ಕೊಟ್ಟವರನ್ನು ಏನೆಂದು ಕರೆಯಬೇಕೆಂದು ಸಮಾಜ ಇನ್ನೂ ಗೊತ್ತುಮಾಡಿದಂತಿಲ್ಲ. ಪಾಟೀಲರು ಶಾಲೆಯಿಲ್ಲದ ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆಯುತ್ತ ಹೋದಾಗ ಮೊದಲು ಎದುರಾದದ್ದು ಕಟ್ಟಡದ ಪ್ರಶ್ನೆಯಲ್ಲ, ಹಳ್ಳಿಯಲ್ಲಿ ನಿಲ್ಲುವ ಶಿಕ್ಷಕರ ಪ್ರಶ್ನೆ. ಅದಕ್ಕಾಗಿ 1935ರಲ್ಲಿ ಸಾತಾರಾದಲ್ಲಿ ಶಿಕ್ಷಕರ ತರಬೇತಿ ಕಾಲೇಜನ್ನೇ ನಡೆಸಿದರು. ಒಂದು ದಿನದ ಉತ್ಸಾಹಕ್ಕೂ ಹಳ್ಳಿಯ ಶಾಲೆಗೂ ಹೊಂದಿಕೆಯಾಗದೆಂಬುದನ್ನು ಅವರು ಕಂಡುಕೊಂಡಿದ್ದರು.

ಜನವರಿಯ ಕೊನೆಗೆ ತರುಣನ 120 ತಾಸು ತುಂಬಿತು. ಕಾಲೇಜಿಗೆ ವರದಿ ಒಪ್ಪಿಸಬೇಕಾಯಿತು. ನಾಣ್ಯ ನೋಟುಗಳ ಪಾಠ, ಕಾರ್ಡುಗಳ ಪದ್ಧತಿ, ವಲಸೆ ಮಕ್ಕಳ ಪ್ರವೇಶ ಇವನ್ನೆಲ್ಲ ಅಂದವಾಗಿ ಬರೆದ. ಸಮಾರಂಭದಲ್ಲಿ ಅವನ ಹೆಸರನ್ನು ಎತ್ತಿ ಹೊಗಳಿದರು. ಹೊಸ ಪದ್ಧತಿಯೊಂದನ್ನು ಹಳ್ಳಿಗೆ ಕೊಂಡೊಯ್ದವನೆಂದರು. ಜ್ಞಾನಾವರಣ ಕರ್ಮಕ್ಕೆ ಕಾರಣವಾಗುವ ದೋಷಗಳಲ್ಲಿ ನಿಹ್ನವ ಎಂಬುದೊಂದಿದೆ: ತಿಳಿದಿದ್ದರೂ ತಿಳಿಯದೆನ್ನುವುದು, ಯಾರಿಂದ ಕಲಿತೆನೆಂಬುದನ್ನು ಮರೆಮಾಡುವುದು. ಕಲಿಸದೆ ಇಟ್ಟುಕೊಳ್ಳುವ ಮಾತ್ಸರ್ಯಕ್ಕಿಂತ ಇದು ನವಿರಾದ ದೋಷ, ಏಕೆಂದರೆ ಇದರಲ್ಲಿ ಯಾರಿಗೂ ನೇರ ಹಾನಿಯಾಗುವುದಿಲ್ಲ. ಕಾರ್ಡುಗಳನ್ನು ಅವನಿಗೆ ಕಲಿಸಿದವರು ಅಕ್ಕೋರು. ಜೋಳಿಗೆ ಕಟ್ಟಿದವರೂ ಅವರೇ. ನಾಣ್ಯದ ಪಾಠವನ್ನು ಹೊರಡಿಸಿದ್ದು ಹುಡುಗಿಯ ಪ್ರಶ್ನೆ. ವರದಿಯಲ್ಲಿ ಇವರು ಯಾರೂ ಇರಲಿಲ್ಲ. ಅವನು ಎರಡು ದಿನ ತಡೆದು, ವರದಿಯನ್ನು ಮರಳಿ ಪಡೆದು, ಮೊದಲ ಪುಟವನ್ನು ತಿದ್ದಿ ಬರೆದುಕೊಟ್ಟ. ಅದನ್ನು ಪುನಃ ಓದಿದವರು ಇರಲಾರರು. ಕಡತಕ್ಕೆ ಸೇರಿತು.

ಪ್ರಮಾಣಪತ್ರಕ್ಕೆ ಬೇಕಾದ ತಾಸುಗಳು ತುಂಬಿದ ಮೇಲೆಯೂ ಅವನು ಹೋಗುತ್ತಿದ್ದ. ಪರೀಕ್ಷೆ ಹತ್ತಿರ ಬಂದಾಗ ಮೂರು ದಿನ ಎರಡು ದಿನವಾಯಿತು, ಅನಂತರ ಶನಿವಾರದ ಬೆಳಗಿನ ಶಾಲೆ ಮಾತ್ರ. ಇದು ಅವನನ್ನು ಕಾಡಿತು. ಆರಂಭಿಸಿದವನು ಅಗಲುವುದು ಸ್ವಯಂಸೇವೆಯ ಮೂಲದಲ್ಲಿಯೇ ಇರುವ ಕೊರತೆ. ವಿದ್ಯಾರ್ಥಿಯ ಮನೆಯಲ್ಲಿ ಅವನ ಭವಿಷ್ಯದ ಲೆಕ್ಕ ಬೇರೆ ಇರುತ್ತದೆ. ಇದರಿಂದ ಸೇವೆಯೇ ವ್ಯರ್ಥವೆಂದು ಹೇಳುವವರೂ ಇದ್ದಾರೆ. ಹಾಗೆ ಹೇಳುವವರು ಸಾಮಾನ್ಯವಾಗಿ ಏನನ್ನೂ ಆರಂಭಿಸದವರು. ಆದರೆ ಬಿಟ್ಟು ಹೋಗುವವನ ಮೇಲೆ ಒಂದು ಹೊಣೆಯಿದೆ. ಅಂಗಡಿಯ ಗುಮಾಸ್ತ ಕೆಲಸ ಬಿಡುವಾಗ ಕಿರ್ದಿ ಖಾತೆಗಳನ್ನು ಮುಂದಿನವನು ಓದಬಲ್ಲಂತೆ ಒಪ್ಪಿಸಿ ಹೋಗಬೇಕು.

ಅವನು ಮಾಡಿದ್ದೂ ಅದನ್ನೇ. ಗ್ಯಾಂಗಿನ ನಾಲ್ವರು ಮಕ್ಕಳಿಗೂ ಒಂದೊಂದು ಹಾಳೆ ಬರೆದ, ಮರಾಠಿಯಲ್ಲಿ, ಅಕ್ಕೋರ ಸಹಿ ಮತ್ತು ಶಾಲೆಯ ಮೊಹರಿನೊಂದಿಗೆ. ಈ ಮಗು ಈ ಅಕ್ಷರಗಳನ್ನು ಓದಬಲ್ಲುದು. ಜೋಡಕ್ಷರ ಇನ್ನೂ ಬಾರದು. ನೂರರೊಳಗೆ ಕೂಡಿಸಬಲ್ಲುದು, ಹತ್ತನ್ನು ಒಡೆದು ಕಳೆಯಬಲ್ಲುದು. ಮಗ್ಗಿ ಐದರವರೆಗೆ. ಹುಡುಗಿಯ ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದ: ತಮ್ಮನನ್ನು ಜೊತೆಗೆ ತರಲು ಅವಕಾಶವಿತ್ತರೆ ದಿನವೂ ಬರುತ್ತಾಳೆ. ಯಾರ ಕೈಗೆ ಹೋಗುವುದೋ ತಿಳಿಯದ ಪತ್ರವಿದು; ಆದರೂ ಓದುವವನಿಗೆ ಎಲ್ಲಿಂದ ಮುಂದುವರಿಸಬೇಕೆಂಬುದು ತಿಳಿಯುವಂತಿತ್ತು.

2023ರ ಮಾರ್ಚಿನಲ್ಲಿ ಹಂಗಾಮು ಮುಗಿಯಿತು. ಗ್ಯಾಂಗು ಹೊರಟದ್ದು ಬೆಳಗಿನ ಜಾವದಲ್ಲಿ. ಶನಿವಾರ ಅವನು ಹೋದಾಗ ಗುಡಿಸಲುಗಳ ಜಾಗದಲ್ಲಿ ಒಲೆಯ ಕಲ್ಲುಗಳಿದ್ದವು. ಹಿಂದಿನ ದಿನವೇ ಹುಡುಗಿಯ ತಾಯಿ ಶಾಲೆಗೆ ಬಂದು ಹಾಳೆಯನ್ನು ತೆಗೆದುಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡಳೆಂದು ಅಕ್ಕೋರು ಹೇಳಿದರು. ಜೋಳಿಗೆಯ ಸೀರೆಯನ್ನೂ ಕೇಳಿದಳಂತೆ. ಕೊಟ್ಟರು.

ಮರುವರ್ಷದ ಹಂಗಾಮಿಗೆ ಬಂದದ್ದು ಬೇರೆ ಗ್ಯಾಂಗು, ಬೇರೆ ಮುಕ್ಕದ್ದಮ. ತರುಣನು ಅಂತಿಮ ವರ್ಷದಲ್ಲಿದ್ದ. ವಾರಕ್ಕೊಮ್ಮೆ ಹೋಗುವುದೂ ಅವನಿಗೆ ಆಗುತ್ತಿರಲಿಲ್ಲ. ಕಾಕಾನ ಹೊಲಕ್ಕೆ ಸರದಿ ಬಂದ ದಿನ ಕಾಕಾ ಬದುವಿನ ಮೇಲೆ ನಿಂತು ಗ್ಯಾಂಗಿನ ಮಕ್ಕಳನ್ನು ಎಣಿಸಿದರು. ಐದು. ಸಾಲಿಗೆ ಹಚ್ಚುವುದು ಮಾಸ್ತರರ ಕೆಲಸ, ತಮ್ಮದಲ್ಲ ಎಂಬ ಅಭಿಪ್ರಾಯವನ್ನು ಅವರು ಇಂದಿಗೂ ಬದಲಿಸಿಲ್ಲ. ಆದರೆ ಅಂದು ಮುಂಜಾನೆ ಟ್ರ್ಯಾಕ್ಟರಿನ ಹುಡುಗನನ್ನು ಕರೆದು, ಖಾಲಿ ಟ್ರಾಲಿ ಊರೊಳಗೆ ಹೋಗುವಾಗ ಐವರನ್ನೂ ಶಾಲೆಯ ಮುಂದೆ ಇಳಿಸಿ ಅಕ್ಕೋರಿಗೆ ಹೇಳಿ ಬಾ ಎಂದರು. ಅವರಲ್ಲಿ ಒಬ್ಬಳ ಸೊಂಟದ ಮೇಲೆ ಕೂಸಿತ್ತು. ಜೋಳಿಗೆಗೆ ಸೀರೆ ಬೇಕಾದೀತೆಂದು ಮನೆಯಿಂದ ಒಂದನ್ನು ಕಳಿಸಿಕೊಟ್ಟವರು ಕಾಕು.